ಪಂಪು ನಿಲ್ಲಿಸುವವರು ಯಾರು?

1988ರ ಜುಲೈ 6. ಸ್ಕಾಟ್ಲೆಂಡಿನ ಅಬರ್ಡೀನ್ ನಗರದಿಂದ ಸುಮಾರು 190 ಕಿಲೋಮೀಟರ್ ದೂರದಲ್ಲಿ, ಉತ್ತರ ಸಮುದ್ರದ ನಡುವೆ ಉಕ್ಕಿನ ಕಾಲುಗಳ ಮೇಲೆ ನಿಂತಿದ್ದ ಪೈಪರ್ ಆಲ್ಫಾ ಎಂಬ ತೈಲ ವೇದಿಕೆಯಲ್ಲಿ ಸಂಜೆ ಆರಕ್ಕೆ ಪಾಳಿ ಬದಲಾಯಿತು. ಹಗಲು ಪಾಳಿಯವರು ಕೈಗೆತ್ತಿಕೊಂಡಿದ್ದ ಒಂದು ಕೆಲಸ ಇನ್ನೂ ಮುಗಿದಿರಲಿಲ್ಲ. ಅನಿಲದಿಂದ ಬೇರ್ಪಡಿಸಿದ, ಕಿಡಿ ತಾಗಿದರೆ ಸಾಕು ಭಗ್ಗೆಂದು ಹೊತ್ತಿಕೊಳ್ಳುವ ಕಂಡೆನ್ಸೇಟ್ ಎಂಬ ದ್ರವವನ್ನು ದಡದತ್ತ ತಳ್ಳಲು ಅಲ್ಲಿ ಎರಡು ಪಂಪುಗಳಿದ್ದವು. ಒಂದು ಓಡುವಾಗ ಇನ್ನೊಂದಕ್ಕೆ ಬಿಡುವು. ಬಿಡುವಿನಲ್ಲಿದ್ದ ‘ಎ’ ಪಂಪಿನ ಸುರಕ್ಷತಾ ವಾಲ್ವನ್ನು ತಪಾಸಣೆಗೆಂದು ಬಿಚ್ಚಿದ್ದರು. ಅದನ್ನು ಮತ್ತೆ ಮೇಲೇರಿಸಿ ಕೂಡಿಸಲು ಆ ಸಂಜೆ ಕ್ರೇನ್ ಸಿಗಲಿಲ್ಲ. ನಾಳೆ ಮಾಡಿದರಾಯಿತು ಎಂದು ಕೊಳವೆಯ ತೆರೆದ ಬಾಯಿಗೆ ಉಕ್ಕಿನ ಬಿಲ್ಲೆಯೊಂದನ್ನು ಮುಚ್ಚಿ, ಬೋಲ್ಟ್ ಹಾಕಿ ಬಂದರು. ಆ ಬೋಲ್ಟುಗಳು ಅನಿಲ ಸೋರದಷ್ಟು ಬಿಗಿಯಾಗಿರಲಿಲ್ಲ ಎಂಬುದು ಆಮೇಲಿನ ತನಿಖೆಯ ತೀರ್ಮಾನ.

ತೈಲ ವೇದಿಕೆಯ ಮೇಲೆ ಪರ್ಮಿಟ್ ಇಲ್ಲದೆ ಯಾರೂ ಸ್ಪ್ಯಾನರ್ ಮುಟ್ಟುವಂತಿಲ್ಲ. ಯಾವ ಯಂತ್ರ, ಏನು ಕೆಲಸ, ಯಾರು ಮಾಡುತ್ತಿದ್ದಾರೆ, ಮುಗಿದಿದೆಯೇ, ಎಲ್ಲವೂ ಆ ಕಾಗದದಲ್ಲಿರಬೇಕು. ಪಾಳಿ ಬದಲಾಗುವಾಗ ಆ ಕಾಗದ ಕೈಯಿಂದ ಕೈಗೆ, ಬಾಯಿಮಾತಿನ ವಿವರಣೆಯ ಸಮೇತ ದಾಟಬೇಕು. ‘ಎ’ ಪಂಪಿನ ಹೆಸರಿನಲ್ಲಿ ಅಂದು ಎರಡು ಪರ್ಮಿಟ್‌ಗಳಿದ್ದವು: ಒಂದು ವಾಲ್ವಿನದು, ಇನ್ನೊಂದು ಪಂಪಿನ ರಿಪೇರಿಯದು. ರಿಪೇರಿ ಇನ್ನೂ ಶುರುವಾಗಿರಲಿಲ್ಲ. ವಾಲ್ವಿನ ಕೆಲಸ ನೋಡಿಕೊಳ್ಳುತ್ತಿದ್ದ ಗುತ್ತಿಗೆ ಕಂಪನಿಯ ಮೇಲ್ವಿಚಾರಕ ಸಂಜೆ ಕಂಟ್ರೋಲ್ ರೂಮಿಗೆ ಬಂದಾಗ ಅಲ್ಲಿದ್ದವರು ಬೇರೆ ಮಾತಿನಲ್ಲಿ ಮುಳುಗಿದ್ದರು. ಆತ ಕಾಗದಕ್ಕೆ ಸಹಿ ಹಾಕಿ, ಇಟ್ಟು ಹೊರಟ. ವಾಲ್ವ್ ಜಾಗದಲ್ಲಿಲ್ಲ ಎಂಬ ಮಾತು ರಾತ್ರಿ ಪಾಳಿಯವರ ಕಿವಿಗೆ ಬೀಳಲೇ ಇಲ್ಲ.

ರಾತ್ರಿ 9.45ರ ಸುಮಾರಿಗೆ, ಓಡುತ್ತಿದ್ದ ‘ಬಿ’ ಪಂಪು ನಿಂತುಹೋಯಿತು. ಎಷ್ಟು ಪ್ರಯತ್ನಿಸಿದರೂ ಮತ್ತೆ ಚಾಲೂ ಆಗಲಿಲ್ಲ. ಅದು ನಿಂತರೆ ಅನಿಲ ನಿಲ್ಲುತ್ತದೆ, ಅನಿಲ ನಿಂತರೆ ಜನರೇಟರ್‌ಗೆ ಇಂಧನವಿಲ್ಲ, ಕರೆಂಟ್ ಹೋದರೆ ಇಡೀ ವೇದಿಕೆಯ ಕೆಲಸ ನಿಲ್ಲುತ್ತದೆ. ಸಿಬ್ಬಂದಿ ಪರ್ಮಿಟ್‌ಗಳನ್ನು ಹುಡುಕಿದರು. ಸಿಕ್ಕಿದ್ದು ಪಂಪಿನ ರಿಪೇರಿಯ ಕಾಗದ ಮಾತ್ರ. ಆ ಕೆಲಸ ಶುರುವೇ ಆಗಿಲ್ಲವಲ್ಲ, ಹಾಗಾದರೆ ಪಂಪು ಸರಿಯಾಗಿಯೇ ಇದೆ ಎಂದುಕೊಂಡರು. ವಾಲ್ವ್ ಬಿಚ್ಚಿದ್ದ ಜಾಗ ಪಂಪಿನ ಪಕ್ಕದಲ್ಲಿರಲಿಲ್ಲ. ಮೇಲೆ, ಕೊಳವೆಗಳ ದಟ್ಟಣೆಯ ನಡುವೆ, ನೆಲದ ಮೇಲೆ ನಿಂತವರ ಕಣ್ಣಿಗೆ ಬೀಳದಂತಿತ್ತು. ‘ಎ’ ಪಂಪನ್ನು ಚಾಲೂ ಮಾಡಿದರು. ಹತ್ತು ಗಂಟೆಯ ಹೊತ್ತಿಗೆ ಮೊದಲ ಸ್ಫೋಟ.

ಆ ರಾತ್ರಿ ಸತ್ತವರು 167 ಮಂದಿ. ವೇದಿಕೆಯಲ್ಲಿದ್ದ 226 ಜನರಲ್ಲಿ 165 ಮಂದಿ, ಅವರನ್ನು ಬದುಕಿಸಲು ಬೆಂಕಿಯ ಬುಡಕ್ಕೇ ಪುಟ್ಟ ದೋಣಿ ನುಗ್ಗಿಸಿದ ರಕ್ಷಣಾ ಸಿಬ್ಬಂದಿಯಲ್ಲಿ ಇಬ್ಬರು. ಮೂವತ್ತು ಜನರ ದೇಹ ಇವತ್ತಿಗೂ ಸಿಕ್ಕಿಲ್ಲ. ಸಮುದ್ರದ ತೈಲೋದ್ಯಮದ ಚರಿತ್ರೆಯಲ್ಲಿ ಇಷ್ಟು ಜೀವ ತೆಗೆದ ಅಪಘಾತ ಬೇರೊಂದಿಲ್ಲ.

ಪೈಪರ್ ಆಲ್ಫಾದ ಕಥೆ ಕೇಳಿದವರು ಸಾಮಾನ್ಯವಾಗಿ ಆ ಕಾಗದದ ಹತ್ತಿರವೇ ನಿಂತುಬಿಡುತ್ತಾರೆ: ಒಂದು ಪರ್ಮಿಟ್ ಕೈತಪ್ಪಿತು, 167 ಜನ ಸತ್ತರು. ನನಗೆ ಅದಕ್ಕಿಂತ ಆಮೇಲಿನ ಒಂದು ಗಂಟೆ ಮುಖ್ಯವೆನಿಸುತ್ತದೆ. ಮೊದಲ ಸ್ಫೋಟಕ್ಕೆ ಇಷ್ಟು ಜನ ಸತ್ತಿರಲಿಲ್ಲ. ಬಹುತೇಕರು ಬದುಕಿದ್ದರು, ಬದುಕಿಸಲು ಸಮಯವೂ ಇತ್ತು.

ಮೊದಲನೆಯದಾಗಿ ಕಂಟ್ರೋಲ್ ರೂಮ್ ಹೋಯಿತು. ವೇದಿಕೆಯನ್ನು ಕಟ್ಟಿದ್ದು ತೈಲಕ್ಕಾಗಿ. 1976ರಲ್ಲಿ ಉತ್ಪಾದನೆ ಶುರುವಾದಾಗ ಅಪಾಯದ ಭಾಗಗಳು ಒಂದು ತುದಿಯಲ್ಲಿ, ಜನ ಇರುವ ಭಾಗಗಳು ಇನ್ನೊಂದು ತುದಿಯಲ್ಲಿ ಇದ್ದವು. ನಡುವೆ ಇದ್ದ ಗೋಡೆಗಳು ಬೆಂಕಿಯನ್ನು ತಡೆಯುವಂಥವು. ಆಮೇಲೆ ಅನಿಲವನ್ನೂ ಸಂಸ್ಕರಿಸುವ ಯಂತ್ರಗಳನ್ನು ತಂದು ಕಂಟ್ರೋಲ್ ರೂಮಿನ ಹತ್ತಿರವೇ ಕೂಡಿಸಿದರು. ತೈಲ ಉರಿಯುತ್ತದೆ, ಅನಿಲ ಸಿಡಿಯುತ್ತದೆ. ಗೋಡೆಗಳು ಮಾತ್ರ ಹಳೆಯವೇ ಉಳಿದವು, ಸಿಡಿತಕ್ಕೆ ಒಡೆದು ಹಾರಿದವು.

ಬೆಂಕಿ ಆರಿಸುವ ಪಂಪುಗಳು ತಾವಾಗಿಯೇ ಚಾಲೂ ಆಗಬೇಕಿತ್ತು. ಅಂದು ಅವುಗಳ ಸ್ವಿಚ್ಚು ‘ಮ್ಯಾನ್ಯುಯಲ್’ನಲ್ಲಿತ್ತು. ಇದಕ್ಕೊಂದು ಕಾರಣವಿತ್ತು, ಅದು ಒಳ್ಳೆಯ ಕಾರಣವೇ. ವೇದಿಕೆಯ ಕೆಳಗೆ ನೀರಿನಲ್ಲಿ ಮುಳುಗುಗಾರರು ಕೆಲಸ ಮಾಡುತ್ತಿರುವಾಗ ಪಂಪು ಹಠಾತ್ತನೆ ನೀರೆಳೆದರೆ ಅವರು ಅದರ ಬಾಯಿಗೆ ಸಿಕ್ಕಿಬಿಡಬಹುದು. ಆದರೆ ಮುಳುಗುಗಾರರು ಪಂಪಿನ ಬಾಯಿಯ ಹತ್ತಿರ ಇದ್ದಾಗ ಮಾತ್ರ ಹೀಗೆ ಮಾಡಿ, ಉಳಿದ ಹೊತ್ತಿನಲ್ಲಿ ಬೇಡ ಎಂದು 1983ರ ತಪಾಸಣೆಯೇ ಹೇಳಿತ್ತು. ಪೈಪರ್‌ನಲ್ಲಿ ಆ ಸಲಹೆ ಜಾರಿಗೆ ಬರಲಿಲ್ಲ. ಸ್ಫೋಟವಾದ ಮೇಲೆ ಪಂಪಿನ ಹತ್ತಿರ ಹೋಗಲು ಹೊರಟವರು ಹೊಗೆಯಲ್ಲೇ ಮರೆಯಾದರು.

ಇನ್ನು ಅಕ್ಕಪಕ್ಕದ ವೇದಿಕೆಗಳು. ಟಾರ್ಟನ್ ಮತ್ತು ಕ್ಲೇಮೋರ್ ಎಂಬ ಎರಡು ವೇದಿಕೆಗಳ ಕೊಳವೆಗಳು ಪೈಪರ್‌ಗೆ ಕೂಡಿಕೊಂಡಿದ್ದವು. ಟಾರ್ಟನ್ 20 ಕಿಲೋಮೀಟರಿನೊಳಗೆ, ಕ್ಲೇಮೋರ್ ಸುಮಾರು 35 ಕಿಲೋಮೀಟರ್ ದೂರ. ಪೈಪರ್ ಉರಿಯುತ್ತಿರುವುದು ಅಲ್ಲಿಯವರಿಗೆ ಗೊತ್ತಾಗಿತ್ತು. ಆದರೂ ಅವರು ತೈಲ ತಳ್ಳುವುದನ್ನು ಕೂಡಲೇ ನಿಲ್ಲಿಸಲಿಲ್ಲ. ಆ ಒತ್ತಡಕ್ಕೆ ತೈಲ ಹಿಮ್ಮುಖವಾಗಿ ಪೈಪರ್‌ನ ಒಡೆದ ಕೊಳವೆಗಳಿಂದ ಸುರಿದು ಬೆಂಕಿಗೆ ಮತ್ತಷ್ಟು ಮೇವಾಯಿತು. 10.20ರ ಸುಮಾರಿಗೆ ಆ ಉರಿಯ ಮೇಲಿದ್ದ ಟಾರ್ಟನ್‌ನ ಅನಿಲ ಕೊಳವೆ ಸಿಡಿಯಿತು. ಪೈಪರನ್ನು ನುಂಗಿದ್ದು ಅಲ್ಲಿಂದ ಎದ್ದ ಜ್ವಾಲೆ. 10.50ಕ್ಕೆ ಇನ್ನೊಂದು ಅನಿಲ ಕೊಳವೆ ಹೋಯಿತು.

ಕ್ಲೇಮೋರ್‌ನ ಉಸ್ತುವಾರಿ ಹೊತ್ತವರ ಮನಸ್ಸಿನಲ್ಲಿ ಆ ಹೊತ್ತಿನಲ್ಲಿ ಏನಿತ್ತು? ಅವರು ಕ್ರೂರಿಗಳಾಗಿರಲಿಲ್ಲ. ಉರಿಯುತ್ತಿದ್ದ ವೇದಿಕೆಯಲ್ಲಿ ಅವರ ಸ್ನೇಹಿತರಿದ್ದರು. ಆದರೆ ತೈಲ ನಿಲ್ಲಿಸುವುದೆಂದರೆ ಕಂಪನಿಗೆ ಭಾರೀ ನಷ್ಟ, ಮತ್ತೆ ಶುರುಮಾಡಲು ದಿನಗಟ್ಟಲೆ ಬೇಕು. ಇಂಥ ತೀರ್ಮಾನ ದಡದ ಆಫೀಸಿನಿಂದ ಬರಬೇಕು ಎಂಬ ಅಭ್ಯಾಸ ಬೆಳೆದುಬಂದಿತ್ತು. ಅವರು ಫೋನಿನಲ್ಲಿ ಕೇಳಿದರು, ಕಾದರು, ಪೈಪರ್‌ನವರೇ ಬೆಂಕಿ ಹತೋಟಿಗೆ ತರುತ್ತಾರೆ ಎಂದು ನಂಬಿದರು. ವಾಲ್ವ್ ಮುಚ್ಚುವ ಗುಂಡಿ ಕೈಯಳತೆಯಲ್ಲಿತ್ತು. ಅದನ್ನು ಒತ್ತಿದರೆ ‘ಯಾಕೆ ಒತ್ತಿದೆ’ ಎಂದು ಮರುದಿನ ಯಾರೂ ಕೇಳುವುದಿಲ್ಲ ಎಂಬ ಧೈರ್ಯ ಇರಲಿಲ್ಲ.

ಅದೇ ಹೊತ್ತಿಗೆ ಪೈಪರ್‌ನ ಮೇಲೆ, ನೂರಕ್ಕಿಂತ ಹೆಚ್ಚು ಜನ ಊಟದ ಕೋಣೆಯಿದ್ದ ವಸತಿ ಭಾಗದಲ್ಲಿ ಸೇರಿದ್ದರು. ತುರ್ತು ಪರಿಸ್ಥಿತಿಯಲ್ಲಿ ಅಲ್ಲಿ ಸೇರಬೇಕು, ಹೆಲಿಕಾಪ್ಟರ್ ಬಂದು ಕರೆದೊಯ್ಯುತ್ತದೆ ಎಂದು ಅವರಿಗೆ ಹೇಳಿಕೊಡಲಾಗಿತ್ತು. ಮೇಲಿನ ಹೆಲಿಡೆಕ್ಕನ್ನು ಹೊಗೆ ಮುಚ್ಚಿತ್ತು, ಹೆಲಿಕಾಪ್ಟರ್ ಇಳಿಯುವ ಸಾಧ್ಯತೆಯೇ ಇರಲಿಲ್ಲ. ಹೊರಗೆ ಹೋಗಿ ಎಂದು ಯಾರೂ ಹೇಳಲಿಲ್ಲ. ಬಾಗಿಲ ಸಂದಿಗಳಲ್ಲಿ ಹೊಗೆ ಬರತೊಡಗಿದಾಗ ಜನ ಒದ್ದೆ ಬಟ್ಟೆಯನ್ನು ಮೂಗಿಗೆ ಹಿಡಿದು ನೆಲದ ಮೇಲೆ ಮಲಗಿದರು. ಆ ಬಳಿಕ ಸಿಕ್ಕ ದೇಹಗಳಲ್ಲಿ ಹೆಚ್ಚಿನವು ಹೊಗೆ ಕುಡಿದು ಸತ್ತವರವು. ಬದುಕಿದ 61 ಜನರಲ್ಲಿ ಬಹುಪಾಲು ಮಂದಿ ಕಾಯುವುದನ್ನು ಬಿಟ್ಟು ಹೊರಬಿದ್ದವರು. ಹಗ್ಗ ಹಿಡಿದು ಜಾರಿದರು, ಕೊಳವೆ ಹಿಡಿದು ಇಳಿದರು. ಕೆಲವರು 50 ಮೀಟರಿಗೂ ಹೆಚ್ಚು ಎತ್ತರದ ಹೆಲಿಡೆಕ್ಕಿನಿಂದಲೇ, ಎಣ್ಣೆ ಉರಿಯುತ್ತಿದ್ದ ಸಮುದ್ರಕ್ಕೆ ಧುಮುಕಿದರು. ಹೇಳಿದ್ದನ್ನು ಕೇಳಿಕೊಂಡು ಕೂತವರು ಸತ್ತರು. ಈ ಸಾಲು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಸ್ಕಾಟ್ಲೆಂಡಿನ ನ್ಯಾಯಾಧೀಶ ಲಾರ್ಡ್ ಕಲನ್ ಇದರ ವಿಚಾರಣೆ ನಡೆಸಿದರು. ಅದು ಸಾರ್ವಜನಿಕವಾಗಿ ನಡೆಯಿತು. ಬದುಕುಳಿದವರು ಬಂದು ಸಾಕ್ಷಿ ಹೇಳಿದರು, ಸತ್ತವರ ಮನೆಯವರು ಕೂತು ಕೇಳಿದರು. 1990ರ ನವೆಂಬರಿನಲ್ಲಿ ಬಂದ ವರದಿಯಲ್ಲಿ 106 ಶಿಫಾರಸುಗಳಿದ್ದವು. ಎಲ್ಲವನ್ನೂ ಸರ್ಕಾರ, ಉದ್ಯಮ ಎರಡೂ ಒಪ್ಪಿಕೊಂಡವು. ಆ ವರದಿಯಲ್ಲಿ ಹೊರಬಿದ್ದ ಎರಡು ಸಂಗತಿಗಳನ್ನು ಓದಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ದುರಂತಕ್ಕೆ ಹತ್ತು ತಿಂಗಳು ಮೊದಲು ಅದೇ ವೇದಿಕೆಯಲ್ಲಿ ಒಬ್ಬ ಕಾರ್ಮಿಕ ಸತ್ತಿದ್ದ. ಪರ್ಮಿಟ್ ವ್ಯವಸ್ಥೆ ಮತ್ತು ಪಾಳಿ ಹಸ್ತಾಂತರದ ಲೋಪ ಆಗಲೇ ಬಯಲಾಗಿತ್ತು. ಇನ್ನು ದುರಂತಕ್ಕೆ ಕೆಲವೇ ವಾರ ಮೊದಲು ಸರ್ಕಾರಿ ಇನ್‌ಸ್ಪೆಕ್ಟರ್ ಬಂದು ತಪಾಸಣೆ ಮುಗಿಸಿ ಹೋಗಿದ್ದ. ಆ ತಪಾಸಣೆ ತೀರಾ ಮೇಲುಮೇಲಿನದು ಎಂದು ಕಲನ್ ಹೇಳಿದರು. ತೈಲ ಉತ್ಪಾದನೆ ಹೆಚ್ಚಿಸುವ ಹೊಣೆ ಮತ್ತು ಸುರಕ್ಷತೆ ನೋಡುವ ಹೊಣೆ ಎರಡೂ ಅಲ್ಲಿಯವರೆಗೆ ಒಂದೇ ಇಂಧನ ಇಲಾಖೆಯ ಕೈಯಲ್ಲಿದ್ದವು. ಸುರಕ್ಷತೆಯನ್ನು ಅಲ್ಲಿಂದ ಕಿತ್ತು, ಕಾರ್ಮಿಕರ ಆರೋಗ್ಯ ಮತ್ತು ಸುರಕ್ಷತೆಯ ಸಂಸ್ಥೆಗೆ ಕೊಟ್ಟರು. ಪ್ರತಿ ವೇದಿಕೆಯೂ ತನ್ನಲ್ಲಿ ಏನೇನು ಅನಾಹುತ ಆಗಬಹುದು, ಆದರೆ ಏನು ಮಾಡುತ್ತೇವೆ ಎಂಬುದನ್ನು ಬರೆದು ಒಪ್ಪಿಗೆ ಪಡೆಯದ ಹೊರತು ಕೆಲಸ ನಡೆಸುವಂತಿಲ್ಲ ಎಂಬ ‘ಸೇಫ್ಟಿ ಕೇಸ್’ ಕಾನೂನು 1992ರಲ್ಲಿ ಬಂತು. ಪೈಪರ್ ನಡೆಸುತ್ತಿದ್ದ ಕಂಪನಿಯ ಮೇಲೆ ಮಾತ್ರ ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ.

ನಾರ್ವೆಯ ಜನ ತಮ್ಮ ಪಾಠವನ್ನು ಬೇರೆ ದುರಂತದಿಂದ ಕಲಿತರು. 1980ರ ಮಾರ್ಚ್‌ನಲ್ಲಿ ಅಲೆಕ್ಸಾಂಡರ್ ಕೀಲ್ಯಾಂಡ್ ಎಂಬ ತೇಲುವ ವಸತಿ ವೇದಿಕೆಯ ಒಂದು ಕಾಲು ಮುರಿದು, ವೇದಿಕೆ ಮಗುಚಿ 123 ಮಂದಿ ಸತ್ತರು. ಮೂಲದಲ್ಲಿದ್ದದ್ದು ಬೆರಳ ದಪ್ಪವೂ ಇಲ್ಲದ ಒಂದು ವೆಲ್ಡಿಂಗ್‌ನ ಬಿರುಕು. ಕಾರ್ಮಿಕರೇ ಆರಿಸಿದ ಸುರಕ್ಷತಾ ಪ್ರತಿನಿಧಿಗೆ ಅಪಾಯದ ಕೆಲಸವನ್ನು ಅಲ್ಲೇ ನಿಲ್ಲಿಸುವ ಹಕ್ಕು ಆ ದೇಶದ ಕಾನೂನಿನಲ್ಲೇ ಇದೆ. ಮ್ಯಾನೇಜರ್‌ನ ಒಪ್ಪಿಗೆ ಬೇಡ. ನಿಲ್ಲಿಸಿದ್ದರಿಂದ ನಷ್ಟವಾಯಿತೆಂದು ಆ ಪ್ರತಿನಿಧಿಯ ಮೇಲೆ ಹೊಣೆ ಹೊರಿಸುವಂತಿಲ್ಲ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ತಿರುಳು ಇಲ್ಲಿದೆ. ಇವತ್ತು ಎಲ್ಲ ದೊಡ್ಡ ತೈಲ ಕಂಪನಿಗಳೂ ‘ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು’ ಎಂದು ಗೋಡೆಯ ಮೇಲೆ ಬರೆಸುತ್ತವೆ. ಗೋಡೆಬರಹ ಬೇರೆ, ಕಾನೂನಿನ ಬೆಂಬಲ ಬೇರೆ.

2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಸಿಡಿದಾಗ ಇದು ಮತ್ತೆ ಸಾಬೀತಾಯಿತು. ಆ ರಿಗ್ ಏಳು ವರ್ಷಗಳಲ್ಲಿ ಒಬ್ಬ ಕಾರ್ಮಿಕನೂ ಗಾಯದಿಂದ ಕೆಲಸ ತಪ್ಪಿಸದ ದಾಖಲೆ ಮಾಡಿತ್ತು. ಅದಕ್ಕೆ ಅಭಿನಂದನೆ ಹೇಳಲು ಕಂಪನಿಯ ಹಿರಿಯ ಅಧಿಕಾರಿಗಳು ಅಂದೇ ರಿಗ್‌ಗೆ ಬಂದಿದ್ದರು. ಕಾಲು ಜಾರಿ ಬೀಳದಂತೆ, ಕೈಬೆರಳು ಸಿಕ್ಕದಂತೆ ನೋಡಿಕೊಳ್ಳುವುದರಲ್ಲಿ ಅವರು ನಿಜವಾಗಿ ಮುಂದಿದ್ದರು. ಆದರೆ ಬಾವಿ ಸಿಡಿಯದಂತೆ ನೋಡಿಕೊಳ್ಳುವ ಸುರಕ್ಷತೆಯೇ ಬೇರೆ, ಅದನ್ನು ಗಾಯಗಳ ಲೆಕ್ಕದಿಂದ ಅಳೆಯಲಾಗದು. ಅಂದು ಮಧ್ಯಾಹ್ನ ಮತ್ತು ಸಂಜೆ, ಬಾವಿಗೆ ಹಾಕಿದ ಸಿಮೆಂಟ್ ಗಟ್ಟಿಯಾಗಿದೆಯೇ ಎಂದು ನೋಡುವ ಒತ್ತಡ ಪರೀಕ್ಷೆ ಮಾಡಿದರು. ಕೊರೆಯುವ ಕೊಳವೆಯಲ್ಲಿ ಸೊನ್ನೆ ಇರಬೇಕಿದ್ದ ಒತ್ತಡ 1,400 ಪಿಎಸ್‌ಐ ತೋರಿಸಿತು. ಬಾವಿ ಸೋರುತ್ತಿದೆ ಎಂದು ಮೀಟರೇ ಹೇಳುತ್ತಿತ್ತು. ಇನ್ನೊಂದು ಕೊಳವೆಯಲ್ಲಿ ಸೊನ್ನೆ ಕಂಡಿದ್ದರಿಂದ ಅದನ್ನೇ ನಂಬಿ, ಮೊದಲಿನದಕ್ಕೆ ಬೇರೇನೋ ವಿವರಣೆ ಹೊಂದಿಸಿ, ಪರೀಕ್ಷೆ ಪಾಸಾಯಿತು ಎಂದುಕೊಂಡು ಮುಂದೆ ಹೋದರು. ಕೆಲಸ ಆಗಲೇ ವಾರಗಟ್ಟಲೆ ತಡವಾಗಿತ್ತು, ಖರ್ಚು ಮೇರೆ ಮೀರಿತ್ತು.

ಆ ರಿಗ್‌ನ ಎಚ್ಚರಿಕೆ ಗಂಟೆಯೂ ತಾನಾಗಿ ಮೊಳಗದಂತೆ ಇಟ್ಟಿದ್ದರು. ಸುಳ್ಳು ಅಲಾರಂಗಳಿಂದ ಮಧ್ಯರಾತ್ರಿ ಜನರ ನಿದ್ದೆ ಕೆಡಬಾರದು ಎಂಬುದು ಕಾರಣ. ಪೈಪರ್‌ನ ಪಂಪಿನ ಸ್ವಿಚ್ಚಿನ ಹಾಗೆಯೇ ಇದಕ್ಕೂ ಒಂದು ಮಾನವೀಯ ಕಾರಣವಿತ್ತು ಎಂಬುದನ್ನು ಗಮನಿಸಬೇಕು. ಹನ್ನೊಂದು ಜನ ಸತ್ತರು. ಬಾವಿಯ ಬಾಯಿಗೆ ಕೂಡಿಸಿದ್ದ, ಕೊನೆಯ ಕ್ಷಣದಲ್ಲಿ ಕೊಳವೆಯನ್ನೇ ಕತ್ತರಿಸಿ ಮುಚ್ಚಬೇಕಿದ್ದ ಬ್ಲೋಔಟ್ ಪ್ರಿವೆಂಟರ್ ಮುಚ್ಚಲಿಲ್ಲ. 87 ದಿನ ತೈಲ ಸಮುದ್ರಕ್ಕೆ ಹರಿಯಿತು.

ನಮ್ಮ ಅರಬ್ಬೀ ಸಮುದ್ರಕ್ಕೆ ಬರೋಣ. ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ಪಶ್ಚಿಮಕ್ಕಿರುವ ಮುಂಬಯಿ ಹೈ ಕ್ಷೇತ್ರದಲ್ಲಿ ತೈಲ ಉತ್ಪಾದನೆ ಶುರುವಾಗಿದ್ದು 1976ರಲ್ಲಿ, ಪೈಪರ್ ಆಲ್ಫಾ ಶುರುವಾದ ವರ್ಷವೇ. ಮಂಗಳೂರಿನ ಎಂಆರ್‌ಪಿಎಲ್ ಕೂಡ ಈ ಕ್ಷೇತ್ರ ನಡೆಸುವ ಒಎನ್‌ಜಿಸಿಯ ಅಂಗಸಂಸ್ಥೆ. ಹಾಗಾಗಿ ಅಲ್ಲಿಯ ಸುರಕ್ಷತೆಯ ಮಾತು ನಮಗೆ ದೂರದ್ದಲ್ಲ.

2005ರ ಜುಲೈ 26ರಂದು ಮುಂಬಯಿಯಲ್ಲಿ ಸುರಿದ ಮಳೆ ನೆನಪಿರಬಹುದು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್. ಮರುದಿನ, ಅದೇ ಮುಂಗಾರಿನ ಅಬ್ಬರದಲ್ಲಿ, ಮುಂಬಯಿ ಹೈ ನಾರ್ತ್ ವೇದಿಕೆಯ ಹತ್ತಿರ ಸಮುದ್ರ ಸುರಕ್ಷಾ ಎಂಬ ಸಹಾಯಕ ಹಡಗು ನಿಂತಿತ್ತು. ಅದರ ಅಡುಗೆಯವನ ಬೆರಳಿಗೆ ಗಾಯವಾಯಿತು. ಹೆಲಿಕಾಪ್ಟರ್‌ಗಳು ಹಾರುವಂತಿರಲಿಲ್ಲ. ಅವನನ್ನು ಚಿಕಿತ್ಸೆಗಾಗಿ ಕ್ರೇನಿನ ಬುಟ್ಟಿಯಲ್ಲಿ ಕೂರಿಸಿ ವೇದಿಕೆಗೆ ಏರಿಸುವುದೆಂದಾಯಿತು. ಗಾಳಿಯ ಮರೆಯಲ್ಲಿದ್ದ ಕಡೆಯ ಕ್ರೇನ್ ಕೆಟ್ಟಿತ್ತು. ಹಡಗು ಗಾಳಿ ಬೀಸುವ ಕಡೆಗೇ ಬರಬೇಕಾಯಿತು. ಅದನ್ನು ಜಾಗದಲ್ಲಿ ಹಿಡಿದಿಡುವ ಯಂತ್ರಗಳೂ ತೊಂದರೆ ಕೊಡುತ್ತಿದ್ದವು. ಅಡುಗೆಯವನನ್ನು ಮೇಲೇರಿಸಿದ್ದಾಯಿತು. ಹಡಗು ಅಲೆಯ ಹೊಡೆತಕ್ಕೆ ಸಿಕ್ಕಿ ವೇದಿಕೆಗೆ ಅಪ್ಪಳಿಸಿತು. ಅದರ ಹೆಲಿಡೆಕ್ಕು ಬಡಿದಿದ್ದು ವೇದಿಕೆಯ ಹೊರಮೈಯಲ್ಲಿ ಸಮುದ್ರದಿಂದ ಮೇಲೇರಿ ಬರುವ ಅನಿಲದ ಕೊಳವೆಗೆ, ಉದ್ಯಮದವರ ಭಾಷೆಯಲ್ಲಿ ರೈಸರ್‌ಗೆ. ಸೋರಿದ ಅನಿಲಕ್ಕೆ ಬೆಂಕಿ ಹತ್ತಿ, ಎರಡು ಗಂಟೆಯೊಳಗೆ ಇಡೀ ವೇದಿಕೆ ಕುಸಿಯಿತು. ವೇದಿಕೆಗಳು, ರಿಗ್, ಹಡಗು ಎಲ್ಲ ಸೇರಿ 384 ಜನರಿದ್ದರು. 362 ಮಂದಿಯನ್ನು ನೌಕಾಪಡೆ, ಕರಾವಳಿ ರಕ್ಷಣಾ ಪಡೆ ಮತ್ತು ಸುತ್ತಲಿನ ಹಡಗುಗಳವರು ಉಳಿಸಿಕೊಂಡರು. 22 ಜನ ಉಳಿಯಲಿಲ್ಲ. ಉರಿಯುವ ಹಡಗಿನಲ್ಲಿ, ಒತ್ತಡದ ಕೋಣೆಯಿಂದ ಹೊರಗೆ ಬರಲಾಗದೆ ಆರು ಮುಳುಗುಗಾರರು ಉಳಿದುಬಿಟ್ಟಿದ್ದರು. ಒಂದೂವರೆ ದಿನದ ನಂತರ ಅವರನ್ನು ಜೀವಂತ ಹೊರತಂದಿದ್ದು ಈ ಕಥೆಯಲ್ಲಿ ಮನಸ್ಸಿಗೆ ಸಮಾಧಾನ ಕೊಡುವ ಭಾಗ.

ಗಾಯಗೊಂಡವನಿಗೆ ಚಿಕಿತ್ಸೆ ಕೊಡಿಸಲು ಹೊರಟವರನ್ನು ದೂರುವಂತಿಲ್ಲ. ಆದರೆ ಆ ಗಾಳಿಯಲ್ಲಿ, ಕೆಟ್ಟ ಕ್ರೇನಿನ ಕಾರಣಕ್ಕೆ, ರೈಸರ್‌ಗಳಿದ್ದ ಕಡೆಗೆ ಅಷ್ಟು ದೊಡ್ಡ ಹಡಗು ಬರುವುದು ಬೇಡ ಎಂದು ಹೇಳುವ ಜವಾಬ್ದಾರಿ ಯಾರದು, ಹಡಗಿನವರದೇ, ವೇದಿಕೆಯವರದೇ? ಅಲ್ಲಿದ್ದ ಗುದ್ದುತಡೆಗಳು ಸಣ್ಣ ಸರಕು ದೋಣಿಗಳ ಲೆಕ್ಕದಲ್ಲಿ ಮಾಡಿದವು. ಈ ದುರಂತವಾದ ಮೇಲೆ, 2008ರಲ್ಲಿ, ಸಮುದ್ರದ ತೈಲ ಕೆಲಸಗಳ ಸುರಕ್ಷತೆಗೆಂದೇ ಪ್ರತ್ಯೇಕ ನಿಯಮಗಳು ನಮ್ಮಲ್ಲಿ ಬಂದವು. ಅವುಗಳ ಪಾಲನೆ ನೋಡುವ ಹೊಣೆಯನ್ನು ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯಕ್ಕೆ ಕೊಟ್ಟರು. ಅದು ಪೆಟ್ರೋಲಿಯಂ ಸಚಿವಾಲಯದ ಅಡಿಯಲ್ಲೇ ಇದೆ. ತೈಲ ಹೆಚ್ಚು ತೆಗೆಯಿರಿ ಎನ್ನುವ ಸಚಿವಾಲಯವೂ ಅದೇ. ಬ್ರಿಟನ್ 1991ರಲ್ಲೇ ಬಿಡಿಸಿದ ಈ ಗಂಟನ್ನು ನಾವು ಇನ್ನೂ ಬಿಡಿಸಿಲ್ಲ, ಬಿಡಿಸಲೇಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ನಿಯಮ ಬಂದು ಹದಿಮೂರು ವರ್ಷಕ್ಕೆ ತೌಕ್ತೆ ಚಂಡಮಾರುತ ಬಂತು. 2021ರ ಮೇ ತಿಂಗಳಲ್ಲಿ ಹವಾಮಾನ ಇಲಾಖೆ ಚಂಡಮಾರುತದ ಎಚ್ಚರಿಕೆಯನ್ನು ದಿನಗಳ ಮೊದಲೇ ಕೊಟ್ಟಿತ್ತು. ನಮ್ಮ ಕರಾವಳಿಯೂ ಅದರ ಹೊಡೆತ ಕಂಡಿತು. ಪಡುಬಿದ್ರಿ, ಮೂಲ್ಕಿಯ ಕಡೆ ಒಂದು ಟಗ್ ಮಗುಚಿ ಜೀವಗಳು ಹೋದವು, ಬಂಡೆಗೆ ಸಿಕ್ಕಿದ ಇನ್ನೊಂದರಿಂದ ಒಂಬತ್ತು ಜನರನ್ನು ಪಾರುಮಾಡಿದರು. ಮುಂಬಯಿ ಹೈನಲ್ಲಿ ಪಿ-305 ಎಂಬ ವಸತಿ ಬಾರ್ಜ್ ಕೆಲಸದ ಜಾಗದ ಹತ್ತಿರವೇ ಲಂಗರು ಹಾಕಿ ಉಳಿಯಿತು. ಅದರಲ್ಲಿದ್ದ 261 ಜನರಲ್ಲಿ ಹೆಚ್ಚಿನವರು ಗುತ್ತಿಗೆ ಕಾರ್ಮಿಕರು: ವೆಲ್ಡರ್‌ಗಳು, ಫಿಟ್ಟರ್‌ಗಳು, ಪೇಂಟರ್‌ಗಳು, ಅಡುಗೆಯವರು. ಬಾರ್ಜ್‌ಗೆ ಸ್ವಂತ ಎಂಜಿನ್ ಇರಲಿಲ್ಲ. ಟಗ್ ಬಂದು ಎಳೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಗಾಳಿಗೆ ಲಂಗರುಗಳು ಕಿತ್ತುಬಂದು, ಜನರಿಲ್ಲದ ವೇದಿಕೆಯೊಂದಕ್ಕೆ ಬಡಿದು, ಮೇ 17ರ ಸಂಜೆ ಅದು ಮುಳುಗಿತು. ಐಎನ್‌ಎಸ್ ಕೊಚ್ಚಿಯಂಥ ಯುದ್ಧನೌಕೆಗಳು ಆ ಕತ್ತಲಲ್ಲಿ, ಆ ಅಲೆಗಳಲ್ಲಿ ಜನರನ್ನು ಒಬ್ಬೊಬ್ಬರಾಗಿ ಎತ್ತಿಕೊಂಡವು. ಆದರೂ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅಷ್ಟು ಜನರಿದ್ದ ಬಾರ್ಜ್ ದಡಕ್ಕೆ ಬರಬೇಕೋ ಬೇಡವೋ ಎಂಬುದರ ಬಗ್ಗೆ ಆಮೇಲೆ ಕ್ಯಾಪ್ಟನ್, ಬಾರ್ಜ್ ಮಾಲೀಕರು, ಗುತ್ತಿಗೆ ಪಡೆದ ಕಂಪನಿ, ಕೆಲಸ ಕೊಟ್ಟ ಕಂಪನಿ, ಎಲ್ಲರ ನಡುವೆ ಹೊಣೆ ಓಡಾಡಿತು.

ಕ್ಯಾಪ್ಟನ್ ಒಬ್ಬರ ಮೇಲೆ ಕೇಸು ಹಾಕಿದರೆ ಕಥೆ ಮುಗಿಯುವುದಿಲ್ಲ. ಮುಂಗಾರಿಗೆ ಮೊದಲು ಮುಗಿಯಬೇಕಾದ ಕೆಲಸ, ದಿನಕ್ಕಿಷ್ಟು ಎಂದು ಬಾಡಿಗೆ ಓಡುವ ಬಾರ್ಜ್ ಮತ್ತು ಟಗ್‌ಗಳು, ದಡಕ್ಕೆ ಹೋಗಿ ಬರುವ ಖರ್ಚು, ಆ ದಿನಗಳ ಕೂಲಿ, ಇವೆಲ್ಲ ಕರಾರು ಪತ್ರದಲ್ಲಿ ಯಾರ ತಲೆಗೆ ಬರೆದಿವೆ ಎಂಬುದರ ಮೇಲೆ ‘ಹೊರಡೋಣ’ ಎನ್ನುವ ಮಾತು ಬಾಯಿಗೆ ಬರುತ್ತದೋ ಇಲ್ಲವೋ ನಿಂತಿದೆ. ಹಾಗಾಗಿ ಬದಲಾವಣೆ ಅಲ್ಲಿಂದಲೇ ಶುರುವಾಗಬೇಕು. ಹವಾಮಾನ ಇಲಾಖೆ ನಿರ್ದಿಷ್ಟ ಮಟ್ಟದ ಎಚ್ಚರಿಕೆ ಕೊಟ್ಟ ಕೂಡಲೇ ಜನರಿರುವ ಬಾರ್ಜ್‌ಗಳು ದಡಕ್ಕೆ ಮರಳುವುದು ಕಡ್ಡಾಯವಾಗಲಿ, ಕ್ಯಾಪ್ಟನ್ ಯೋಚಿಸುತ್ತ ಕೂರುವ ಪ್ರಮೇಯವೇ ಬರದಿರಲಿ. ಆ ದಿನಗಳ ಬಾಡಿಗೆಯನ್ನು ಕೆಲಸ ಕೊಟ್ಟ ಕಂಪನಿ ಕೊಡಲಿ, ಕಾರ್ಮಿಕನ ಕೂಲಿ ಕಡಿತವಾಗದಿರಲಿ. ನಾರ್ವೆಯಲ್ಲಿರುವಂತೆ ಗುತ್ತಿಗೆ ಕಾರ್ಮಿಕರೂ ಆರಿಸಿದ ಒಬ್ಬ ಪ್ರತಿನಿಧಿ ಪ್ರತಿ ಬಾರ್ಜ್‌ನಲ್ಲಿರಲಿ, ಅವನು ನಿಲ್ಲಿಸು ಎಂದರೆ ಕೆಲಸ ನಿಲ್ಲಲಿ. ತನಿಖೆಯ ವರದಿಗಳು ಕಲನ್ ವರದಿಯ ಹಾಗೆ ಪೂರ್ತಿಯಾಗಿ ಅಚ್ಚಾಗಿ ಹೊರಬರಲಿ, ಆ ಕೆಲಸಕ್ಕೆ ಹೋಗುವವರು ಓದುವ ಭಾಷೆಗಳಲ್ಲೂ ಸಿಗಲಿ. ತೈಲ ಸಚಿವಾಲಯದ ಹೊರಗಿನ, ಉತ್ಪಾದನೆಯ ಗುರಿ ಹೊತ್ತಿರದ ಸಂಸ್ಥೆಯೊಂದು ಇವನ್ನೆಲ್ಲ ಪರಿಶೀಲಿಸಲಿ. ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಡ, 2008ರ ನಿಯಮಗಳಿಗೆ ತಿದ್ದುಪಡಿ ತಂದರೆ ಸಾಕು.